ತಂಗಡಗಿಗೆ ದಾರಿ ತೋರುವವರಾರು?

ಕೂಡಲಸಂಗಮಕ್ಕೆ ಹೋದವರು ಕೃಷ್ಣಾ-ಮಲಪ್ರಭೆ ಕೂಡುವುದನ್ನು ನೋಡುತ್ತಾರೆ, ಬಸವಣ್ಣನವರ ಐಕ್ಯಮಂಟಪಕ್ಕೆ ಇಳಿದು ಕೈ ಮುಗಿಯುತ್ತಾರೆ, ಮರಳಿ ಬಸ್ಸು ಹತ್ತುತ್ತಾರೆ. ಕೃಷ್ಣೆಯ ಈ ದಂಡೆಗೆ, ನಮ್ಮ ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ಅವರ ಮಡದಿ ನೀಲಮ್ಮ ತಾಯಿಯ ಐಕ್ಯಮಂಟಪ ಇದೆಯೆಂದು ಅವರಿಗೆ ಹೇಳುವವರಾರು?

1997ರಲ್ಲಿ ಜಿಲ್ಲೆ ಒಡೆದು ಸಂಗಮ ಬಾಗಲಕೋಟೆಗೆ ಹೋಯಿತು. ಬಸವಣ್ಣನವರು ಹುಟ್ಟಿದ ಬಾಗೇವಾಡಿ, ನೀಲಮ್ಮನ ತಂಗಡಗಿ ನಮ್ಮಲ್ಲುಳಿದವು. ಆಚೆ ವಾಯವ್ಯ ಸಾರಿಗೆ, ಈಚೆ ಕಲ್ಯಾಣ ಕರ್ನಾಟಕ ಸಾರಿಗೆ. ಯಾತ್ರಿಕನಿಗೆ ಯಾಕೆ ಬೇಕು ಈ ಹಂಚಿಕೆಯ ಗೊಡವೆ?

ಬಾಗೇವಾಡಿ, ಆಲಮಟ್ಟಿ ಆಣೆಕಟ್ಟು, ತಂಗಡಗಿ, ಸಂಗಮ, ನಾಲ್ಕನ್ನೂ ಒಂದೇ ದಿನ ತೋರಿಸುವ ಬಸ್ಸು ಓಡಲಿ. ವೇಳೆಯ ಬೋರ್ಡು ಪ್ರತಿ ಸ್ಟ್ಯಾಂಡಿನಲ್ಲಿ ತೂಗಲಿ. ಬಂದವರು ನಾಲ್ಕು ತಾಸು ನಿಂತರ ತಾನೇ ನಮ್ಮ ಚಾದಂಗಡಿ ಒಲಿ ಉರಿಯೋದು?

ಎರಡೂ ಕಡೆಯ ಸಾಹೇಬರು ಒಮ್ಮೆ ಕೂತು ಮಾತಾಡಲಿ. ಹೊಳಿಗಳೇ ಕೂಡ್ಯಾವ, ಕಚೇರಿಗಳು ಕೂಡಲಾರವೆ?