‘ನಾ ಮನಿ ಕಾಯ್ತೀನಿ’

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಮನೆಗಳಲ್ಲಿ ಪ್ರವಾಸದ ಮಾತು ಬಂದಾಗಲೆಲ್ಲ ಹಿರಿಯರು ಹೇಳುವುದು ಒಂದೇ: ‘ನೀವ್ ಹೋಗಿ ಬರ್ರಿ, ನಾ ಮನಿ ಕಾಯ್ತೀನಿ.’ ದನಕ್ಕೆ ಮೇವು ಹಾಕುವವರು ಯಾರು, ಮೆಕ್ಕೆಜೋಳದ ರಾಶಿಯ ಹತ್ತಿರ ಮಲಗುವವರು ಯಾರು ಎಂಬ ಕಾರಣಗಳೂ ಹಿಂದೆಯೇ ಬರುತ್ತವೆ. ಮಕ್ಕಳು ಸಿಂಗಪುರ, ಬ್ಯಾಂಕಾಕ್ ಎಂದು ಲೆಕ್ಕ ಹಾಕುತ್ತಿದ್ದಾಗ 71ರ ನಮ್ಮವ್ವನೂ ಅದನ್ನೇ ಅಂದಳು. ನಾವು ಒಪ್ಪಿಯೂ ಬಿಟ್ಟಿದ್ದೆವು. ಹಿರೇಕೆರೂರಿನ ತಂಗಿ ಮಾತ್ರ ಬಿಡಲಿಲ್ಲ. ‘ನಿನಗ ಎಲ್ಲಿಗೆ ಹೋಗಬೇಕಂತ ಅನಸ್ತದ, ಹೇಳು’ ಎಂದು ಕೇಳಿದಳು. ಅವ್ವ ತಡಮಾಡಲಿಲ್ಲ: ‘ಪಶುಪತಿನಾಥ.’ ಅಷ್ಟು ವರ್ಷ ಅವಳನ್ನು ಯಾರೂ ಕೇಳಿರಲಿಲ್ಲ.

ನೇಪಾಳಕ್ಕೆ ನಮಗೆ ವೀಸಾ ಬೇಕಿಲ್ಲ. ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಇಲ್ಲವೆ ಮತದಾರರ ಗುರುತಿನ ಚೀಟಿ ಸಾಕು. 65 ದಾಟಿದವರಿಗೂ 15 ತುಂಬದವರಿಗೂ ಆಧಾರ್ ಕಾರ್ಡ್ ನಡೆಯುತ್ತದೆ. ಹೀಗಾಗಿ ಪಾಸ್‌ಪೋರ್ಟನ್ನೇ ಕಾಣದ ಅಜ್ಜಿ ಮತ್ತು ಒಂಬತ್ತರ ಮೊಮ್ಮಗಳು ಎಲ್ಲರಿಗಿಂತ ಮೊದಲು ಸಿದ್ಧರಾದರು. ದಸರೆಯ ದಿನ ಊರಲ್ಲಿ ಬನ್ನಿ ಕೊಟ್ಟು ತಗೊಂಡು, ಮರುದಿನ ಶಿಗ್ಗಾಂವಿ ದಾಟಿ ಹುಬ್ಬಳ್ಳಿಯ ವಿಮಾನ ನಿಲ್ದಾಣಕ್ಕೆ ಹೋದೆವು. ಅವ್ವನ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಸವಣೂರ ಖಾರ, ಕಾಗದದಲ್ಲಿ ಮಡಿಸಿದ ಒಂದು ಹಿಡಿ ಬನ್ನಿ ಎಲೆ.

ಕನ್ನಡಿಗರಿಗೆ ಆ ನಾಡು ಹೊಸದಲ್ಲ. 1097ರಲ್ಲಿ ಕನ್ನಡ ಮೂಲದ ನಾನ್ಯದೇವ ಮಿಥಿಲೆಯಲ್ಲಿ ಕರ್ಣಾಟ ವಂಶದ ಆಳ್ವಿಕೆ ಆರಂಭಿಸಿದ. ಅವನ ರಾಜಧಾನಿ ಸಿಮ್ರೌನ್‌ಗಢ ಇರುವುದು ಇಂದಿನ ನೇಪಾಳದ ಬಾರಾ ಜಿಲ್ಲೆಯಲ್ಲಿ. ಕಲ್ಯಾಣದ ಚಾಲುಕ್ಯರ ಉತ್ತರದ ದಂಡಯಾತ್ರೆಗಳ ಜೊತೆ ನಾನ್ಯದೇವನ ಮನೆತನ ಅತ್ತ ಹೋಗಿರಬೇಕೆಂದು ಇತಿಹಾಸಕಾರರು ಊಹಿಸುತ್ತಾರೆ. ಆಗ ಚಾಲುಕ್ಯ ಸಿಂಹಾಸನದ ಮೇಲಿದ್ದವನು ಆರನೆಯ ವಿಕ್ರಮಾದಿತ್ಯ. ನಮ್ಮ ಹಾನಗಲ್ಲಿನ ಕದಂಬರು ಅವನ ಮಾಂಡಲಿಕರು. ಘಿಯಾಸುದ್ದೀನ್ ತುಘಲಕನ ದಾಳಿಗೆ ಸಿಮ್ರೌನ್‌ಗಢ ಬಿದ್ದ ಮೇಲೆ ರಾಣಿ ದೇವಲದೇವಿ ಮಗನೊಡನೆ ಭಕ್ತಪುರಕ್ಕೆ ಬಂದು ನೆಲೆ ಕಂಡಳು. ಪಶುಪತಿನಾಥನ ಗರ್ಭಗುಡಿಯಲ್ಲಿ ಲಿಂಗ ಮುಟ್ಟಿ ಪೂಜಿಸುವ ಭಟ್ಟರು ಇಂದಿಗೂ ದಕ್ಷಿಣದವರು, ನಮ್ಮ ಕರಾವಳಿಯ ಮನೆತನಗಳವರು. ಭಕ್ತಪುರದಲ್ಲಿ ಜಂಗಮ ಮಠವೂ ಇದೆ. ಹಾನಗಲ್ಲ ಕುಮಾರಸ್ವಾಮಿಗಳ ಹೆಸರು ಹೇಳಿಯೇ ದಿನ ಆರಂಭಿಸುವ ಅವ್ವ ಅದರ ಹೊಸ್ತಿಲು ಮುಟ್ಟಿ ನಮಸ್ಕರಿಸಿ, ‘ಇಲ್ಲಿ ಮಟಾನೂ ಬಂದಾರಲ್ಲೋ ನಮ್ಮವರು’ ಎಂದಳು.

ತಪ್ಪು ನಮ್ಮದೇ ಆಯಿತು. ಮೊದಲ ದಿನ ಕಾಠ್ಮಂಡುವಿನಲ್ಲಿ ನಾಲ್ಕು ಜಾಗಗಳ ಪಟ್ಟಿ ಹಿಡಿದು ಓಡಾಡಿಸಿದೆವು. ಸಂಜೆಗೆ ಅವ್ವನ ಮೊಣಕಾಲು ಊದಿತ್ತು. ನೋವನ್ನು ಅವಳು ಹೇಳಲೂ ಇಲ್ಲ. ಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮೊಮ್ಮಗಳು ಕಂಡು ಬಂದು ಹೇಳಿದಳು. ಆ ರಾತ್ರಿ ಪಟ್ಟಿ ಹರಿದೆವು. ಮುಂದೆ ದಿನಕ್ಕೊಂದೇ ಜಾಗ.

ಭಕ್ತಪುರದಲ್ಲಿ 1702ರ ಐದಂತಸ್ತಿನ ನ್ಯಾತಪೋಲ ಗುಡಿಯಿದೆ. 2015ರ ಭೂಕಂಪವನ್ನೂ ತಡೆದು ನಿಂತದ್ದು. ಕಲ್ಲಿನ ಜಟ್ಟಿಗಳು, ಆನೆಗಳು, ಸಿಂಹಗಳು ಕಾಯುವ ಮೆಟ್ಟಿಲುಗಳನ್ನು ಮಕ್ಕಳು ಹತ್ತಿದರು. ಅವ್ವ ಕೆಳಗಿನ ಮೆಟ್ಟಿಲಲ್ಲಿ ಕೂತಳು, ನಾನೂ ಕೂತೆ. ಎಷ್ಟೋ ವರ್ಷಗಳ ಮೇಲೆ ಅವ್ವನ ಪಕ್ಕ ಒಂದು ತಾಸು ಬರಿದೆ ಕೂತದ್ದು ಅಲ್ಲಿಯೇ.

ನೇಪಾಳಿಗರ ದಶೈಂ ನಮ್ಮ ನವರಾತ್ರಿಯೇ. ಘಟಸ್ಥಾಪನೆಯ ದಿನ ಬಿತ್ತಿದ ಜವೆಯ ಹಳದಿ ಮೊಳಕೆಗೆ ಅವರು ಜಮರಾ ಎನ್ನುತ್ತಾರೆ. ವಿಜಯದಶಮಿಯಿಂದ ಹುಣ್ಣಿಮೆಯವರೆಗೆ ಹಿರಿಯರು ಕಿರಿಯರ ಹಣೆಗೆ ಮೊಸರು, ಅಕ್ಕಿ, ಕುಂಕುಮ ಕಲಸಿದ ಟೀಕಾ ಇಟ್ಟು, ಜಮರಾ ಮುಡಿಸಿ ಹರಸುತ್ತಾರೆ. ಆ ಹುಣ್ಣಿಮೆಯೇ ನಮ್ಮ ಸೀಗಿ ಹುಣ್ಣಿಮೆ. ಆ ಸಲ ಹೊಲಕ್ಕೆ ಚರಗ ಚೆಲ್ಲುವ ಕೆಲಸ ಊರಲ್ಲುಳಿದ ತಮ್ಮನ ಪಾಲಿಗೆ ಬಂದಿತ್ತು. ನಾವಿಳಿದ ಮನೆಯ ಅಜ್ಜಿ ನಮ್ಮ ಮಕ್ಕಳನ್ನೂ ಸಾಲಾಗಿ ಕೂರಿಸಿ ಟೀಕಾ ಇಟ್ಟಳು, ಕಿವಿಯ ಹಿಂದೆ ಜಮರಾ ಸಿಕ್ಕಿಸಿದಳು. ಅವ್ವ ಎದ್ದು ಹೋಗಿ ಕಾಗದದ ಪೊಟ್ಟಣ ತಂದಳು. ಒಣಗಿದ ಬನ್ನಿ ಎಲೆಗಳನ್ನು ಆಕೆಯ ಅಂಗೈಯಲ್ಲಿಟ್ಟು, ‘ಬಂಗಾರ ತಗೋರಿ, ಬಂಗಾರದ್ಹಂಗ ಇರೂಣು’ ಎಂದಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆಕೆ ಎಲೆಗಳನ್ನು ಹಣೆಗೊತ್ತಿ ದೇವರ ಮುಂದಿಟ್ಟಳು.

‘ಆಯಿ, ನಮ್ಮನ್ಯಾಗೂ ಮೊಳಕಿ ಹಾಕ್ತಾರಲ್ಲ, ಯಾಕ?’ ಎಂದು ಮೊಮ್ಮಗಳು ಕೇಳಿದಳು. ಮನೆಯಲ್ಲಿ ವರ್ಷವರ್ಷವೂ ಘಟ್ಟ ನೋಡಿದ ಹುಡುಗಿ ಅದರ ಕಾರಣ ಕೇಳಿದ್ದು ಪರದೇಶದಲ್ಲಿ. ಬೀಜ ಹಸನಾಗಿದೆಯೋ ಇಲ್ಲವೋ ಎಂದು ರೈತ ಹಿಂಗಾರಿಗೆ ಮುಂಚೆ ನೋಡಿಕೊಳ್ಳುವ ಬಗೆಯನ್ನು ಅಜ್ಜಿ ವಿವರವಾಗಿ ಹೇಳಿದಳು. ಅವಳು ಮನೆ ಕಾಯುತ್ತ ಉಳಿದಿದ್ದರೆ ಆ ಪ್ರಶ್ನೆಗೆ ಉತ್ತರ ಹೇಳುವವರು ನಮ್ಮಲ್ಲಿ ಯಾರೂ ಇರಲಿಲ್ಲ.

ಈ ರಜೆಗೆ ಎಲ್ಲಿಗೆ ಹೋಗುವಿರೋ ಅದು ನಿಮಗೆ ಬಿಟ್ಟದ್ದು. ಟಿಕೆಟ್ ತೆಗೆಸುವ ಮೊದಲು ಮನೆಯ ಹಿರಿಯರನ್ನು ಕೇಳಿ. ‘ನಾ ಮನಿ ಕಾಯ್ತೀನಿ’ ಎಂದರೆ ಅದನ್ನೇ ಉತ್ತರವೆಂದು ತಿಳಿಯಬೇಡಿ. ಇನ್ನೊಮ್ಮೆ ಕೇಳಿ.