ಕಣ್ಣಿನ ಮೇಲಿನ ಗಂಟು: ಅಂಜನ ಹಚ್ಚಿ ಕಾಯದಿರಿ

ಕೆಲವು ವರ್ಷಗಳ ಹಿಂದೆ ಏಳು ವರ್ಷದ ಬಾಲಕನೊಬ್ಬನನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಬೆಳಕು ಕಂಡೊಡನೆ ತಾಯಿಯ ಸೆರಗಿನಲ್ಲಿ ಮುಖ ಮರೆಸುತ್ತಿದ್ದ. ಮುಖ, ಕೈಗಳ ತುಂಬ ಕಪ್ಪು ಚುಕ್ಕೆಗಳು. ಬಲಗಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕೆಂಪು ಗಂಟು. ಎಂಟು ತಿಂಗಳಿಂದ ಮನೆಮದ್ದಿನ ಹನಿ ಹಾಕುತ್ತಿದ್ದರು. ತಂದೆಯು ತಾಯಿಗೆ ಸೋದರಮಾವನೇ ಆಗಿದ್ದನು.

ಈ ರೋಗದ ಹೆಸರು ಝೀರೋಡರ್ಮ ಪಿಗ್ಮೆಂಟೋಸಮ್. ಬಿಸಿಲಿನ ಅತಿನೇರಳೆ ಕಿರಣಗಳಿಂದ ಜೀವಕೋಶಗಳ ಡಿಎನ್‌ಎಗೆ ಆಗುವ ಹಾನಿಯನ್ನು ಶರೀರವು ನಿತ್ಯವೂ ಸರಿಪಡಿಸಿಕೊಳ್ಳುತ್ತದೆ. ಈ ರೋಗಿಗಳಲ್ಲಿ ಆ ಶಕ್ತಿ ಹುಟ್ಟಿನಿಂದಲೇ ಕುಂದಿರುತ್ತದೆಂಬುದನ್ನು 1968ರಲ್ಲಿ ಜೇಮ್ಸ್ ಕ್ಲೀವರ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಆದುದರಿಂದ ಚರ್ಮದಲ್ಲಿ ಮಾತ್ರವಲ್ಲ, ಕಣ್ಣಿನ ಮೇಲ್ಪೊರೆಯಲ್ಲಿಯೂ ರೆಪ್ಪೆಗಳಲ್ಲಿಯೂ ಬಾಲ್ಯದಲ್ಲಿಯೇ ಕ್ಯಾನ್ಸರ್ ತಲೆದೋರಬಹುದು.

ಆಯುರ್ವೇದ ವೈದ್ಯರಾದ ನಾವೇ ಇದನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ: ಇಂತಹ ಗಂಟು ಅಂಜನದಿಂದಾಗಲಿ, ತರ್ಪಣದಿಂದಾಗಲಿ ಕರಗುವುದಿಲ್ಲ. ಹಾಗೆ ಹೇಳಿದರೆ ನಮ್ಮ ಶಾಸ್ತ್ರಕ್ಕೆ ಕುಂದೆಂದು ಕೆಲವರು ಭಾವಿಸುತ್ತಾರೆ. ಆದರೆ ನೇತ್ರರೋಗಗಳನ್ನು 76 ಎಂದು ಎಣಿಸಿದ ಸುಶ್ರುತ ಸಂಹಿತೆಯೇ ಕಣ್ಣಿನ ಮೇಲೆ ಬೆಳೆದ ಅರ್ಮಕ್ಕೆ ಛೇದನವನ್ನು ವಿಧಿಸಿದೆ. ಔಷಧಿಯ ಎಲ್ಲೆಯನ್ನು ಅರಿಯುವುದೂ ವೈದ್ಯಧರ್ಮವೇ.

ಇಂದು ನೇತ್ರತಜ್ಞರು ಗಂಟನ್ನು ಸುತ್ತಲಿನ ಅಂಚಿನೊಡನೆ ತೆಗೆದು, ಉಳಿದ ಅಂಚಿಗೆ ಅತಿಶೀತ ಚಿಕಿತ್ಸೆ ನೀಡುತ್ತಾರೆ. ಕೆಲವರಿಗೆ ಇಂಟರ್‌ಫೆರಾನ್ ಅಥವಾ ಮೈಟೋಮೈಸಿನ್ ಹನಿಗಳನ್ನು ಕೊಡುವುದುಂಟು. ಗಂಟು ಮರಳಿ ಬರಬಹುದಾದ್ದರಿಂದ ಕೆಲವು ತಿಂಗಳಿಗೊಮ್ಮೆ ತಪಾಸಣೆ ಜೀವನಪರ್ಯಂತ ನಡೆಯಬೇಕು. ಬದಿಯನ್ನೂ ಮುಚ್ಚುವ, ಅತಿನೇರಳೆ ಕಿರಣ ತಡೆಯುವ ಕನ್ನಡಕ, ಅಗಲ ಅಂಚಿನ ಟೋಪಿ, ತುಂಬುತೋಳಿನ ಉಡುಪು, ಶಾಲೆಯಲ್ಲಿ ಕಿಟಕಿಯಿಂದ ದೂರದ ಆಸನ, ಇವೆಲ್ಲ ಅಂತಹ ಮಗುವಿಗೆ ಔಷಧಿಯಷ್ಟೇ ಮುಖ್ಯ.

ಇದು ಯಾರ ಪಾಪದ ಫಲವೂ ಅಲ್ಲ, ಅಂಟುರೋಗವೂ ಅಲ್ಲ. ತಂದೆತಾಯಿ ಇಬ್ಬರಲ್ಲಿಯೂ ಒಂದೇ ಬಗೆಯ ದೋಷವುಳ್ಳ ವಂಶವಾಹಿ ಇದ್ದಲ್ಲಿ ಪ್ರತಿ ಮಗುವಿಗೂ ರೋಗ ಬರುವ ಸಂಭವ 4ರಲ್ಲಿ 1. ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ಸೀಮೆಯ ರೂಢಿಯು ಇಬ್ಬರಲ್ಲಿಯೂ ಅಂತಹ ವಂಶವಾಹಿ ಇರುವ ಸಂಭವವನ್ನು ಹೆಚ್ಚಿಸುತ್ತದೆ. ಆಸ್ತಿ ಮನೆಯಲ್ಲಿಯೇ ಉಳಿಯಲೆಂದು ಸಂಬಂಧ ಬೆಳೆಸುವ ಹಿರಿಯರು ಮುಂದೆ ಹುಟ್ಟುವ ಮಗುವಿನ ಕಣ್ಣನ್ನೂ ನೆನೆಯಬೇಕು.

ಆ ಬಾಲಕನನ್ನು ನಾವು ಅಂದೇ ನೇತ್ರತಜ್ಞರಲ್ಲಿಗೆ ಕಳುಹಿಸಿದೆವು. ಕಣ್ಣು ಉಳಿಯಿತು, ದೃಷ್ಟಿ ಅರ್ಧ ಹೋಯಿತು. ಕಳೆದ ಆ ಎಂಟು ತಿಂಗಳನ್ನು ಯಾವ ವೈದ್ಯನೂ ಮರಳಿಸಲಾರನು. ಮಕ್ಕಳ ಕಣ್ಣಿನಲ್ಲಿ ಗಂಟು ಕಂಡರೆ ಭಕ್ತಬಂಧುಗಳು ಒಂದು ದಿನವನ್ನೂ ಕಳೆಯದೆ ನೇತ್ರತಜ್ಞರನ್ನು ಕಾಣಬೇಕೆಂಬುದೇ ನಮ್ಮ ಬಿನ್ನಹ.