ಗುಡ್ಡೆ ಖಾಲಿ ಬಿದ್ದದಲ್ಲ

“ಕೆರೆಂದ ಮೇಲಾಣ ಗುಡ್ಡೆ ಸುಮ್ಮನೆ ಖಾಲಿ ಬಿದ್ದೊಂಡಿದ್ದು. ಜೇಸಿಬಿ ತರ್ಸಿ ರಬ್ಬರು ಹಾಕುವ°” ಹೇಳಿ ಮೊನ್ನೆ ಉಂಬಲೆ ಕೂದಿಪ್ಪಗ ಮಗ° ಹೇಳಿದ°. ಇವುದೇ ತಲೆ ಆಡ್ಸಿದವು. ಮಜ್ಜಿಗೆ ಬಳುಸುತ್ತಾ ಇದ್ದ ಎನ್ನ ಕೈ ಅಲ್ಲೇ ನಿಂದತ್ತು. ಖಾಲಿಯೋ? ಆರಿಂಗೆ ಖಾಲಿ?

ಅಕ್ಕಂದ್ರೇ, ನಿಂಗಳೇ ಹೇಳಿ. ಹಟ್ಟಿಗೆ ಹಾಕುವ ಸೊಪ್ಪು ಎಲ್ಲಿಂದ ಬಪ್ಪದು? ಬೆಶಿನೀರೊಲೆಯ ದರಗು, ಸೌದಿ? ಉಪ್ಪಿನಕಾಯಿಯ ಮೆಡಿ, ಸಾರಿನ ಪುನರ್ಪುಳಿ? ಆ ಸೊಪ್ಪೇ ಗೊಬ್ಬರ ಆಗಿ ಅಡಕ್ಕೆ ಮರದ ಬುಡಕ್ಕೆ ಹೋಪದು. ದರಗಿನ ಅಡಿಲಿ ಮಳೆನೀರು ಇಂಗಿದರೇ ಕೆರೆಲಿ ಎಪ್ರಿಲಿಂಗೂ ನೀರಿಪ್ಪದು. ವರ್ಗ ಜಾಗೆಯ ಸುತ್ತ 100 ಗಜ ಕುಮ್ಕಿ ಹೇಳಿ ಬಿಟ್ಟದು ಇದಕ್ಕೇ. ಜಾಗೆ ಸರಕಾರದ್ದು, ಸೊಪ್ಪು, ಹುಲ್ಲು, ಸೌದಿಯ ಹಕ್ಕು ಕೃಷಿಕರದ್ದು. ಗುಡ್ಡೆ ಇಲ್ಲದ್ದೆ ತೋಟ ಇಲ್ಲೆ ಹೇಳಿ ಹೆರಿಯೋರಿಂಗೆ ಗೊಂತಿತ್ತು.

ರಬ್ಬರಿಲಿ ಪೈಸೆ ಇದ್ದು, ಅಪ್ಪು. ಅದೇ ಪೈಸೆಲಿ ಮಕ್ಕಳ ಓದುಸಿದೋರು ನಮ್ಮಲ್ಲೇ ಇದ್ದವು. ಆದರೆ ಹಾಲು ತೆಗವಲೆ ಸುಮಾರು 7 ವರ್ಷ ಕಾಯೆಕು. 2011ರಲ್ಲಿ ಕಿಲೋಗೆ 200 ರೂಪಾಯಿ ದಾಂಟಿದ ರೇಟು 2016ಕ್ಕಪ್ಪಗ ಅರ್ಧಕ್ಕೆ ಇಳುದಿತ್ತು. ಅಷ್ಟು ವರ್ಷ ಹಟ್ಟಿಯ ಸೊಪ್ಪಿಂಗೆ, ತೋಟದ ಗೊಬ್ಬರಕ್ಕೆ ಪೈಸೆ ಎಲ್ಲಿಂದ? ನೆರೆಕರೆಲಿ ಗುಡ್ಡೆ ಗರ್ಪಿಸಿದ ವರ್ಷದ ಮಳೆಗೆ ಕೆಂಪು ಮಣ್ಣು ಇಳುದು ಕೆಳಾಣ ತೋಟದ ಕಣಿ ಪೂರಾ ತುಂಬಿದ್ದರ ಎಂಗೊ ಎಲ್ಲ ನೋಡಿದ್ದೆಯ°.

ಗುಡ್ಡೆಗೆ ಒಂದೇ ಬೆಳೆ ಹಾಕುದರ ಕೊಕ್ಕಡದೋರು ಮದಲೇ ಕಂಡಿದವು. ಸರಕಾರಿ ಗುಡ್ಡೆಗಳಲ್ಲಿ ಗೇರುಬೀಜ ಹಾಕಿದವು, ಅದಕ್ಕೆ ಹೆಲಿಕಾಪ್ಟರಿಲಿ ಎಂಡೋಸಲ್ಫಾನು ಬಿಟ್ಟವು. 2011ರ ಮೇ ತಿಂಗಳಿಲಿ ಸುಪ್ರೀಂ ಕೋರ್ಟು ಆ ಮದ್ದಿನ ನಿಲ್ಸಿತ್ತು. ಹಾಸಿಗೆಂದ ಏಳುಲೆಡಿಯದ್ದ ಮಕ್ಕಳ ಮೀಶಿ, ಉಣುಸಿ, ಮನುಶುವ ಅಬ್ಬೆಕ್ಕಳ ಕೆಲಸ ಮಾತ್ರ ನಿಂದಿದಿಲ್ಲೆ. ರಬ್ಬರುದೇ ಹಾಂಗೆ ಹೇಳಿ ಆನು ಹೇಳ್ತಿಲ್ಲೆ. ಗುಡ್ಡೆಯ ಲೆಕ್ಕ ಬರವಗ ಲಾಭ ಮಾತ್ರ ಬರೆತ್ತವು. ನಷ್ಟ ಹೆಮ್ಮಕ್ಕಳ ಕೈಗೆ ಬಂದು ಬೀಳ್ತು, ಅದರ ಆರೂ ಬರೆತ್ತವಿಲ್ಲೆ.

ಎನ್ನ ಮಾತು ಇಷ್ಟೆ. ನಮ್ಮ ಪಟ್ಟೆ ಜಾಗೆಲಿ ಬೇಕಾರೆ ನಾಕು ರಬ್ಬರು ಗೆಡು ಹಾಕಲಿ, ಕೆರೆಂದ ಮೇಲಾಣ ಕುಮ್ಕಿ ಹಾಂಗೇ ಇರಲಿ. ಮಗಂಗೆ ಹೇಳಿದೆ, “ಒಂದು ವಾರ ಎನ್ನೊಟ್ಟಿಂಗೆ ಸೊಪ್ಪಿಂಗೆ ಬಾ, ಮತ್ತೆ ಖಾಲಿ ಹೇಳು” ಹೇಳಿ. ಅವ° ನೆಗೆ ಮಾಡಿದ°. ಆದರೆ ಜೇಸಿಬಿಯೋರಿಂಗೆ ಇನ್ನೂ ಫೋನು ಮಾಡಿದ್ದಾಯಿಲ್ಲೆ.

ನಿಂಗಳ ಮನೆಲಿಯೂ ಈ ಮಾತು ಬಂದರೆ ಅಡಿಗೆಕೋಣೆಲೇ ಕೂರೆಡಿ, ಹೆರ ಬಂದು ಹೇಳಿ. ಜೇಸಿಬಿ ಹತ್ತಿದ ಮತ್ತೆ ಗುಡ್ಡೆ ವಾಪಾಸು ಬಾರ.